ಕೈಗಾರಿಕಾ ಯಂತ್ರಗಳಲ್ಲಿ ಆವರ್ತಕ ಅಡಚಣೆಗಳ ನಿಯಂತ್ರಣ

ಮೋಟಾರು, ಗೇರು, ಬೇರಿಂಗು, ಸಂವೇದಕ, ಎಲೆಕ್ಟ್ರಾನಿಕ್ ಡ್ರೈವ್, ಕಂಪ್ಯೂಟರ್ ಇವೆಲ್ಲ ಒಟ್ಟಿಗೆ ಸೇರಿ ಕೆಲಸ ಮಾಡುವ ಯಂತ್ರಗಳಿಗೆ ಮೆಕಾಟ್ರಾನಿಕ್ ಯಂತ್ರಗಳೆಂದು ಹೆಸರು. ಸಿಎನ್‌ಸಿ ಲೇತ್, ರೋಬಾಟ್ ತೋಳು, ಹಾರ್ಡ್ ಡಿಸ್ಕ್, ಮುದ್ರಣಯಂತ್ರ, ಉಕ್ಕಿನ ಹಾಳೆಯನ್ನು ತೆಳುವಾಗಿಸುವ ರೋಲಿಂಗ್ ಮಿಲ್, ಚಿಪ್ ತಯಾರಿಕೆಯ ಸ್ಕ್ಯಾನರ್ ಎಲ್ಲವೂ ಈ ಗುಂಪಿನವು. ಇಂಥ ಯಂತ್ರವೊಂದು ಹೇಳಿದ ಜಾಗಕ್ಕೆ ಹೇಳಿದ ವೇಗದಲ್ಲಿ ಹೋಗದಂತೆ ಮಾಡುವ ಬಲಗಳನ್ನೂ ಅಳತೆಯ ದೋಷಗಳನ್ನೂ ನಿಯಂತ್ರಣಶಾಸ್ತ್ರದಲ್ಲಿ ಅಡಚಣೆ ಎನ್ನುತ್ತಾರೆ. ಕೆಲವು ಅಡಚಣೆಗಳು ಯಾವಾಗ ಬರುತ್ತವೆಂದು ಹೇಳಲಾಗದು. ನೆಲದ ಕಂಪನ, ಗಟ್ಟಿ ಕಲ್ಮಶಕ್ಕೆ ಕತ್ತರಿಸುವ ಟೂಲ್ ತಾಗುವುದು ಅಂಥವು. ಆದರೆ ಯಂತ್ರವೆಂದರೆ ಬಹುಪಾಲು ತಿರುಗುವ ವಸ್ತು. ತಿರುಗುವ ವಸ್ತುವಿನ ದೋಷ ಸುತ್ತಿಗೊಮ್ಮೆ ಅದೇ ರೂಪದಲ್ಲಿ ಹಾಜರಾಗುತ್ತದೆ. ಹೀಗೆ ಮರುಕಳಿಸುವ ಅಡಚಣೆಯೇ ಆವರ್ತಕ ಅಡಚಣೆ.

ಸಾಮಾನ್ಯ ಫೀಡ್‌ಬ್ಯಾಕ್ ನಿಯಂತ್ರಕಕ್ಕೆ ನೆನಪು ಕಡಿಮೆ. ದೋಷ ಕಂಡ ಮೇಲೆ ಅದು ತಿದ್ದುತ್ತದೆ, ಮುಂದಿನ ಸುತ್ತಿನಲ್ಲಿ ಅದೇ ಕೋನದಲ್ಲಿ ಅದೇ ದೋಷ ಬಂದರೂ ಮೊದಲ ಸಲ ಕಂಡಂತೆಯೇ ವರ್ತಿಸುತ್ತದೆ. ನಿನ್ನೆ ಬಂದದ್ದೇ ಇಂದೂ ಬರುತ್ತದೆಂದು ಗೊತ್ತಿರುವಾಗ ಬರುವ ಮೊದಲೇ ಅದನ್ನು ಎದುರಿಸಬಹುದು. ಈ ವಿಷಯದ ಎಲ್ಲ ವಿಧಾನಗಳೂ ಈ ಒಂದು ಅನುಕೂಲದ ಮೇಲೆ ನಿಂತಿವೆ. ಆದರೆ ವಿಧಾನವನ್ನು ಆರಿಸುವ ಮೊದಲು ಉತ್ತರಿಸಬೇಕಾದ ಪ್ರಶ್ನೆ ಬೇರೆ: ಈ ಮರುಕಳಿಕೆ ಯಾವುದಕ್ಕೆ ಕಟ್ಟುಬಿದ್ದಿದೆ? ಗಡಿಯಾರದ ಸಮಯಕ್ಕೋ, ಶಾಫ್ಟಿನ ಕೋನಕ್ಕೋ, ಮೇಜಿನ ಸ್ಥಾನಕ್ಕೋ, ಒಂದೊಂದು ಜಾಬ್‌ಗೋ? ಕ್ಷೇತ್ರದಲ್ಲಿ ಸೋತ ಪ್ರಯತ್ನಗಳಲ್ಲಿ ಹಲವು ಗಣಿತ ತಪ್ಪಿ ಸೋತವಲ್ಲ, ಈ ಪ್ರಶ್ನೆಯನ್ನು ಕೇಳದೆ ಸೋತವು.

ಅಡಚಣೆಗಳ ಮೂಲ

ಅತ್ಯಂತ ಪರಿಚಿತವಾದದ್ದು ಅಸಮತೋಲ. ತಿರುಗುವ ಭಾಗದ ತೂಕದ ಕೇಂದ್ರ ತಿರುಗುವ ಅಕ್ಷದಿಂದ ಕೂದಲೆಳೆಯಷ್ಟು ಸರಿದಿದ್ದರೂ ಸುತ್ತಿಗೊಮ್ಮೆ ಒಂದು ಬಲ ಹುಟ್ಟುತ್ತದೆ. ವೇಗ ಎರಡು ಪಟ್ಟಾದರೆ ಆ ಬಲ ನಾಲ್ಕು ಪಟ್ಟಾಗುತ್ತದೆ. ಅಂತರರಾಷ್ಟ್ರೀಯ ಮಾನಕದ ಜಿ 2.5 ದರ್ಜೆಯ ಪ್ರಕಾರ ನಿಮಿಷಕ್ಕೆ 3000 ಸುತ್ತು ತಿರುಗುವ ರೋಟರ್‌ನಲ್ಲಿ ಈ ಸರಿಯುವಿಕೆ ಸುಮಾರು 8 ಮೈಕ್ರೋಮೀಟರ್ ಮೀರಬಾರದು.

ಕಾಯಂ ಅಯಸ್ಕಾಂತದ ಸರ್ವೊ ಮೋಟಾರಿನಲ್ಲಿ ಇನ್ನೊಂದು ಬಗೆಯ ಅಡಚಣೆಯಿದೆ. ವಿದ್ಯುತ್ ಹರಿಸದೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಬೆರಳಿಗೆ ಕಟಕಟನೆ ಸಿಕ್ಕಿ ಬಿಟ್ಟಂತೆ ತಿಳಿಯುತ್ತದೆ. ಅಯಸ್ಕಾಂತಗಳು ಸ್ಟೇಟರ್‌ನ ಹಲ್ಲುಗಳ ಕಡೆಗೆ ಎಳೆಯಲ್ಪಡುವುದೇ ಇದಕ್ಕೆ ಕಾರಣ. ಇದನ್ನು ಕಾಗಿಂಗ್ ಎನ್ನುತ್ತಾರೆ. ಒಂದು ಸುತ್ತಿಗೆ ಇದು ಎಷ್ಟು ಸಲ ಬರುತ್ತದೆಂಬುದನ್ನು ಸ್ಲಾಟ್‌ಗಳ ಸಂಖ್ಯೆ ಮತ್ತು ಧ್ರುವಗಳ ಸಂಖ್ಯೆಯ ಲಘುತಮ ಸಾಮಾನ್ಯ ಅಪವರ್ತ್ಯ ಹೇಳುತ್ತದೆ. 12 ಸ್ಲಾಟ್, 8 ಧ್ರುವದ ಮೋಟಾರಿನಲ್ಲಿ 24 ಸಲ. ಅದೇ 12 ಸ್ಲಾಟಿಗೆ 10 ಧ್ರುವವಿದ್ದರೆ 60 ಸಲ. ಸಲಗಳು ಹೆಚ್ಚಿದಷ್ಟೂ ಪ್ರತಿ ಎಳೆತ ಸಣ್ಣದಾಗುವುದರಿಂದ ಎರಡನೆಯ ಜೋಡಣೆ ನುಣುಪಾಗಿ ತಿರುಗುತ್ತದೆ. ಡ್ರೈವ್‌ನ ಒಳಗಿನ ಸಣ್ಣ ದೋಷಗಳೂ ಟಾರ್ಕನ್ನು ಅಲುಗಿಸುತ್ತವೆ. ಕರೆಂಟ್ ಅಳೆಯುವ ಸಂವೇದಕದ ಸೊನ್ನೆ ತಪ್ಪಿದ್ದರೆ ವಿದ್ಯುತ್ ಆವರ್ತಕ್ಕೆ ಒಮ್ಮೆ, ಎರಡು ಫೇಸ್‌ಗಳ ಸಂವೇದಕಗಳ ಅಳತೆ ಒಂದಕ್ಕೊಂದು ಹೊಂದದಿದ್ದರೆ ಎರಡು ಸಲ, ಅಯಸ್ಕಾಂತ ಕ್ಷೇತ್ರದ ಆಕಾರ ಶುದ್ಧ ಸೈನ್ ಅಲೆಯಲ್ಲದಿದ್ದರೆ ಆರು ಸಲ ಅಲುಗಾಟ ಕಾಣುತ್ತದೆ. ಅಲುಗಾಟದ ಎಣಿಕೆಯನ್ನು ನೋಡಿಯೇ ಕಾಯಿಲೆ ಎಲ್ಲಿದೆಯೆಂದು ಅನುಭವಿಗಳು ಊಹಿಸುವುದು ಹೀಗೆ.

ಗೇರುಗಳಲ್ಲಿ ಹಲ್ಲಿಗೊಂದು ಸಲ ದೋಷ ಬರುತ್ತದೆ. ರೋಬಾಟ್ ತೋಳುಗಳಲ್ಲಿ ಹೆಚ್ಚಾಗಿ ಬಳಸುವ ಹಾರ್ಮೋನಿಕ್ ಡ್ರೈವ್‌ನಲ್ಲಿ ಒಳಗಿನ ಬಾಗುವ ಬಳೆಗೆ ಹೊರಬಳೆಗಿಂತ ಎರಡು ಹಲ್ಲು ಕಡಿಮೆ. ಅದರ ದೋಷ ಮುಖ್ಯವಾಗಿ ಮೋಟಾರಿನ ಸುತ್ತಿಗೆ ಎರಡು ಸಲ ಕಾಣುತ್ತದೆ. ಕೀಲಿನ ಸಹಜ ಅನುರಣನ 10 ಹರ್ಟ್ಸ್ ಎಂದಿಟ್ಟುಕೊಂಡರೆ ಮೋಟಾರು ನಿಮಿಷಕ್ಕೆ 300 ಸುತ್ತಿನ ಆಸುಪಾಸಿಗೆ ಬಂದಾಗ ಇವೆರಡೂ ಕೂಡಿ ತೋಳಿನ ತುದಿ ನಡುಗುತ್ತದೆ. ಅದಕ್ಕಿಂತ ನಿಧಾನವಾಗಿಯೋ ವೇಗವಾಗಿಯೋ ಓಡಿದರೆ ನಡುಕ ತಗ್ಗುತ್ತದೆ.

ಬಾಲ್ ಬೇರಿಂಗ್ ಇವೆಲ್ಲಕ್ಕಿಂತ ಭಿನ್ನ. ಒಳಗಿನ ಗುಂಡುಗಳ ಸಾಲು ಶಾಫ್ಟಿನಷ್ಟೇ ವೇಗವಾಗಿ ಸುತ್ತುವುದಿಲ್ಲ, ಸುಮಾರು ಐದರಲ್ಲಿ ಎರಡು ಪಾಲು ವೇಗದಲ್ಲಿ ಸುತ್ತುತ್ತದೆ. ಆದ್ದರಿಂದ ಬೇರಿಂಗಿನ ದೋಷವೂ ಮರುಕಳಿಸುತ್ತದೆ, ಆದರೆ ಶಾಫ್ಟಿನ ಸುತ್ತಿನ ಲೆಕ್ಕಕ್ಕೆ ಸಿಗುವುದಿಲ್ಲ. ಹಾರ್ಡ್ ಡಿಸ್ಕ್ ಉದ್ಯಮ ಇದನ್ನು ಮರುಕಳಿಸದ ಓಲಾಟವೆಂದೇ ಬೇರೆ ಖಾತೆಯಲ್ಲಿ ಬರೆದುಕೊಂಡಿತು. ಅದನ್ನು ನಿಯಂತ್ರಣದಿಂದ ಹತೋಟಿಗೆ ತರಲಾಗದ್ದೂ ಒಂದು ಕಾರಣವಾಗಿ ಗುಂಡುಗಳನ್ನು ಬಿಟ್ಟು ದ್ರವದ ಪದರದ ಮೇಲೆ ತೇಲುವ ಬೇರಿಂಗಿಗೆ ಹೋಯಿತು.

ರೋಲಿಂಗ್ ಮಿಲ್‌ನ ಒಂದು ಪ್ರಸಂಗ

ಅಡಚಣೆಯನ್ನು ತಪ್ಪಾಗಿ ಅರ್ಥಮಾಡಿಕೊಂಡ ನಿಯಂತ್ರಕ ಎಷ್ಟು ಕೆಡುಕು ಮಾಡಬಲ್ಲದು ಎಂಬುದಕ್ಕೆ ಉಕ್ಕಿನ ಹಾಳೆಯ ಮಿಲ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗದು. ನಾಲ್ಕು ರೋಲರ್‌ಗಳ ಮಿಲ್‌ನಲ್ಲಿ ಹಾಳೆಯನ್ನು ಒತ್ತುವ ಎರಡು ಸಣ್ಣ ರೋಲರ್‌ಗಳಿಗೆ ಮೇಲೂ ಕೆಳಗೂ ಎರಡು ದಪ್ಪ ಆಧಾರ ರೋಲರ್‌ಗಳಿರುತ್ತವೆ. ಒತ್ತುವ ಜಾಗದಲ್ಲೇ ಹಾಳೆಯ ದಪ್ಪವನ್ನು ನೇರವಾಗಿ ಅಳೆಯುವುದು ಕಷ್ಟ. ಅದಕ್ಕಾಗಿ 20ನೆಯ ಶತಮಾನದ ನಡುಭಾಗದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಒಂದು ಲೆಕ್ಕವನ್ನು ಬಳಸುತ್ತಾರೆ. ರೋಲರ್‌ಗಳ ನಡುವಿನ ಅಂತರಕ್ಕೆ, ಒತ್ತುವ ಬಲವನ್ನು ಮಿಲ್‌ನ ಚೌಕಟ್ಟಿನ ಬಿಗಿತನದಿಂದ (ಸ್ಟಿಫ್‌ನೆಸ್) ಭಾಗಿಸಿ ಬಂದದ್ದನ್ನು ಕೂಡಿದರೆ ಹಾಳೆಯ ದಪ್ಪ. ಹಾಳೆ ದಪ್ಪವಾಗಿ ಬಂದರೆ ಬಲ ಏರುತ್ತದೆ, ನಿಯಂತ್ರಕ ಅಂತರವನ್ನು ಕಿರಿದು ಮಾಡುತ್ತದೆ. ಇಷ್ಟರವರೆಗೆ ಎಲ್ಲ ಸರಿ.

ಆಧಾರ ರೋಲರ್ ಸರಿಯಾದ ವೃತ್ತವಲ್ಲದಿದ್ದರೆ ಅಥವಾ ಅದರ ಅಕ್ಷ ಸ್ವಲ್ಪ ಸರಿದಿದ್ದರೆ ಸುತ್ತಿಗೊಮ್ಮೆ ಅದರ ಉಬ್ಬಿದ ಭಾಗ ಕೆಳಗೆ ಬಂದು ಹಾಳೆಯನ್ನು ಹೆಚ್ಚು ಒತ್ತುತ್ತದೆ. ಹಾಳೆ ನಿಜಕ್ಕೂ ತೆಳುವಾಗುತ್ತದೆ, ಆದರೆ ಬಲ ಏರುತ್ತದೆ. ಬಲ ಏರಿದ್ದನ್ನು ಕಂಡ ನಿಯಂತ್ರಕ ಹಾಳೆ ದಪ್ಪವಾಯಿತೆಂದು ತಿಳಿದು ಅಂತರವನ್ನು ಇನ್ನೂ ಕಿರಿದು ಮಾಡುತ್ತದೆ. ತಿದ್ದಬೇಕಾದವನೇ ತಪ್ಪನ್ನು ದೊಡ್ಡದು ಮಾಡಿದ ಹಾಗಾಯಿತು. ಆಧಾರ ರೋಲರ್‌ನ ವ್ಯಾಸ 1500 ಮಿಲಿಮೀಟರ್ ಇದ್ದು ಹಾಳೆ ಸೆಕೆಂಡಿಗೆ 10 ಮೀಟರ್ ಓಡುತ್ತಿದ್ದರೆ ಈ ಏರಿಳಿತ ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚು, ಹಾಳೆಯ ಉದ್ದದಲ್ಲಿ ಪ್ರತಿ 4.7 ಮೀಟರ್‌ಗೊಮ್ಮೆ ಬರುತ್ತದೆ.

ಇನ್ನೊಂದು ತೊಡಕಿದೆ. ಮೇಲಿನ, ಕೆಳಗಿನ ರೋಲರ್‌ಗಳನ್ನು ಕಾಲಕಾಲಕ್ಕೆ ಗ್ರೈಂಡ್ ಮಾಡುವುದರಿಂದ ಅವುಗಳ ವ್ಯಾಸ ಒಂದೇ ಆಗಿ ಉಳಿಯುವುದಿಲ್ಲ. ಒಂದು 1500, ಇನ್ನೊಂದು 1490 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದೇ ವೇಗದಲ್ಲಿ ಎರಡರ ದೋಷ ಸುಮಾರು 70 ಸೆಕೆಂಡಿಗೊಮ್ಮೆ ಒಂದಕ್ಕೊಂದು ಕೂಡಿ ದೊಡ್ಡದಾಗುತ್ತದೆ, ನಡುವೆ ಒಂದನ್ನೊಂದು ಅಳಿಸಿ ಮಾಯವಾಗುತ್ತದೆ. ಮಾಯವಾದ ಹೊತ್ತಿನಲ್ಲಿ ಪರೀಕ್ಷಿಸಿದವನಿಗೆ ಮಿಲ್ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಹಳೆಯ ಪರಿಹಾರ ಈ ಆವೃತ್ತಿಗೆ ನಿಯಂತ್ರಕ ಸ್ಪಂದಿಸದಂತೆ ಫಿಲ್ಟರ್ ಹಾಕುವುದು. ಅದು ಕೆಡುಕನ್ನು ತಪ್ಪಿಸುತ್ತದೆ, ದೋಷವನ್ನು ತೆಗೆಯುವುದಿಲ್ಲ. ಸರಿಯಾದ ಪರಿಹಾರವೆಂದರೆ ಎರಡೂ ಆಧಾರ ರೋಲರ್‌ಗಳಿಗೆ ಕೋನ ಅಳೆಯುವ ಬೇರೆ ಬೇರೆ ಎನ್‌ಕೋಡರ್ ಜೋಡಿಸಿ, ಒಂದೊಂದರ ದೋಷವನ್ನೂ ಅದರದರ ಕೋನಕ್ಕೆ ಕಟ್ಟಿ ಕಲಿತು, ಹೈಡ್ರಾಲಿಕ್ ಸಿಲಿಂಡರ್‌ನಿಂದ ಎದುರು ದಿಕ್ಕಿಗೆ ಅಲುಗಿಸುವುದು.

ಸಿದ್ಧಾಂತ ಬಂದ ದಾರಿ

ಕೆನಡಾದ ಬ್ರೂಸ್ ಫ್ರಾನ್ಸಿಸ್ ಮತ್ತು ಮರ್ರೆ ವೊನಮ್ 1976ರಲ್ಲಿ ಆಂತರಿಕ ಮಾದರಿ ತತ್ತ್ವವನ್ನು ಪ್ರಕಟಿಸಿದರು. ಹೊರಗಿನಿಂದ ಬರುವ ಸಂಕೇತವನ್ನು ಪೂರ್ತಿಯಾಗಿ ಅಳಿಸಬೇಕಾದರೆ, ಆ ಸಂಕೇತವನ್ನು ಹುಟ್ಟಿಸಬಲ್ಲ ವ್ಯವಸ್ಥೆಯ ಮಾದರಿ ನಿಯಂತ್ರಕದೊಳಗೆ ಇರಲೇಬೇಕು ಎಂಬುದು ಅದರ ತಿರುಳು. ಸದಾ ಒಂದೇ ಪ್ರಮಾಣದ ಅಡಚಣೆಗೆ ಇಂಟಿಗ್ರೇಟರ್ ಸಾಕಾಗುವುದು ಇದೇ ಕಾರಣಕ್ಕೆ. ಸೈನ್ ಅಲೆಗೆ ಅದೇ ಆವೃತ್ತಿಯ ಆಂದೋಲಕ ಬೇಕು. ಯಾವ ಆಕಾರದ್ದೇ ಆಗಲಿ, ಮರುಕಳಿಸುವ ಸಂಕೇತಕ್ಕಾದರೆ? ಒಂದು ಅವಧಿಯಷ್ಟು ಹಿಂದಿನದನ್ನು ನೆನಪಿಟ್ಟು ಮತ್ತೆ ಹೊರಗೆ ಬಿಡುವ ಸುತ್ತುಸರಪಳಿ ಸಾಕು.

ಈ ಸುತ್ತುಸರಪಳಿಯನ್ನು ಕೆಲಸಕ್ಕೆ ಹಚ್ಚಿದವರು ಜಪಾನಿನವರು. ಪ್ರೋಟಾನ್ ಸಿಂಕ್ರೊಟ್ರಾನ್ ಎಂಬ ಕಣವೇಗೋತ್ಕರ್ಷಕದ ಅಯಸ್ಕಾಂತಗಳಿಗೆ ಒಂದೇ ಆಕಾರದ ವಿದ್ಯುತ್ ಪ್ರವಾಹವನ್ನು ಮತ್ತೆ ಮತ್ತೆ ಅತಿ ನಿಖರವಾಗಿ ಕೊಡಬೇಕಿತ್ತು. ಇನೌವೆ, ನಕಾನೊ ಮತ್ತು ಸಂಗಡಿಗರು ಅದಕ್ಕೆ ಕಂಡುಕೊಂಡ ಉಪಾಯ 1981ರಲ್ಲಿ ಕ್ಯೋಟೊದಲ್ಲಿ ನಡೆದ ಅಂತರರಾಷ್ಟ್ರೀಯ ನಿಯಂತ್ರಣ ಸಮ್ಮೇಳನದಲ್ಲಿ ಮಂಡನೆಯಾಯಿತು. ಪುನರಾವರ್ತಕ ನಿಯಂತ್ರಣವೆಂದು ಇಂದು ಹೆಸರಾದದ್ದು ಇದೇ. 1988ರಲ್ಲಿ ಹಾರಾ, ಯಮಾಮೊಟೊ, ಒಮಾಟಾ, ನಕಾನೊ ಇದಕ್ಕೆ ಗಟ್ಟಿ ಸಿದ್ಧಾಂತ ಕಟ್ಟಿದರು. ನಿಜವಾದ ಯಂತ್ರಗಳಲ್ಲಿ ಎಲ್ಲ ಹಾರ್ಮೋನಿಕ್‌ಗಳನ್ನೂ, ಅಂದರೆ ಮೂಲ ಆವೃತ್ತಿಯ ಎಲ್ಲ ಪೂರ್ಣಾಂಕ ಪಟ್ಟುಗಳನ್ನೂ, ಪೂರ್ತಿ ಅಳಿಸಲು ಹೋದರೆ ಸ್ಥಿರತೆ ಉಳಿಯದು, ಮೇಲಿನ ಆವೃತ್ತಿಗಳಲ್ಲಿ ಕಲಿಕೆಯನ್ನು ಕೈಬಿಡಲೇಬೇಕು ಎಂದು ತೋರಿಸಿದರು. ಮರುವರ್ಷ ಬರ್ಕ್‌ಲಿಯ ತೊಮಿಜುಕಾ, ತ್ಸಾವೊ, ಚ್ಯೂ ಅದನ್ನು ಡಿಜಿಟಲ್ ಕಂಪ್ಯೂಟರಿಗೆ ಒಗ್ಗುವ ರೂಪಕ್ಕೆ ತಂದರು. ಕಾರ್ಖಾನೆಗಳಲ್ಲಿ ಈಗ ಓಡುತ್ತಿರುವ ಅನೇಕ ಪ್ರೋಗ್ರಾಮುಗಳ ಬೇರು ಈ ಕೊನೆಯ ಕೆಲಸದಲ್ಲಿದೆ.

ನೆನಪು ಕೆಲಸ ಮಾಡುವ ಬಗೆ

ನಿಮಿಷಕ್ಕೆ 1500 ಸುತ್ತು ತಿರುಗುವ ಶಾಫ್ಟೊಂದನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 25 ಸುತ್ತು, ಒಂದು ಸುತ್ತಿಗೆ 40 ಮಿಲಿಸೆಕೆಂಡ್. ನಿಯಂತ್ರಕ ಸೆಕೆಂಡಿಗೆ 10,000 ಸಲ ಅಳೆಯುತ್ತಿದ್ದರೆ ಒಂದು ಸುತ್ತಿನಲ್ಲಿ 400 ಅಳತೆಗಳು. ಸ್ಮೃತಿಯಲ್ಲಿ 400 ಮನೆಗಳ ಒಂದು ಪಟ್ಟಿ ಮಾಡಿ, ಪ್ರತಿ ಮನೆಯಲ್ಲೂ ಆ ಕ್ಷಣಕ್ಕೆ ಕೊಡಬೇಕಾದ ತಿದ್ದುಪಡಿಯನ್ನು ಬರೆದಿಡುತ್ತಾರೆ. ಹಿಂದಿನ ಸುತ್ತಿನ ತಿದ್ದುಪಡಿಗೆ ಹಿಂದಿನ ಸುತ್ತಿನಲ್ಲಿ ಉಳಿದ ದೋಷದ ಒಂದು ಪಾಲನ್ನು ಸೇರಿಸಿದರೆ ಈ ಸುತ್ತಿನ ತಿದ್ದುಪಡಿ ಸಿದ್ಧ. ಪುನರಾವರ್ತಕ ನಿಯಂತ್ರಣದ ಮೂಲಸೂತ್ರ ಇಷ್ಟೇ.

ಸೊಗಸು ಮುಂದಿನ ಮಾತಿನಲ್ಲಿದೆ. ಆಜ್ಞೆ ಕೊಟ್ಟ ಮೂರು ಅಳತೆಗಳ ನಂತರವೇ ಯಂತ್ರ ಅಲುಗುತ್ತದೆಂದು ಇಟ್ಟುಕೊಳ್ಳಿ. ಸಾಮಾನ್ಯ ಫೀಡ್‌ಬ್ಯಾಕಿಗೆ ಈ ತಡ ಶಾಪ. ಇಲ್ಲಿ ಹಾಗಲ್ಲ: 120ನೆಯ ಮನೆಯನ್ನು ತಿದ್ದಲು ಹಿಂದಿನ ಸುತ್ತಿನ 123ನೆಯ ಮನೆಯ ದೋಷವನ್ನು ನೋಡಿದರಾಯಿತು. ಅದು ಆಗಲೇ ದಾಖಲಾಗಿ ಕೂತಿದೆ. ಭವಿಷ್ಯವನ್ನು ನೋಡಿದಂತೆ ವರ್ತಿಸುವ ಈ ಸಾಮರ್ಥ್ಯದಿಂದಲೇ ಸಾಮಾನ್ಯ ನಿಯಂತ್ರಕ ಕೈಚೆಲ್ಲುವ ಆವೃತ್ತಿಗಳಲ್ಲೂ ಪುನರಾವರ್ತಕ ನಿಯಂತ್ರಣ ದೋಷವನ್ನು ತಗ್ಗಿಸುತ್ತದೆ.

ಯಂತ್ರದ ಸ್ಪಂದನೆಯನ್ನು ತಿಳಿದುಕೊಳ್ಳುವುದರಲ್ಲಿ ಎಷ್ಟು ತಪ್ಪು ಮಾಡಬಹುದು? ಸಾಕಷ್ಟು. ಕಲಿಕೆಯ ಪಾಲು ಸಣ್ಣದಿದ್ದರೆ ಫೇಸ್‌ನಲ್ಲಿ 90 ಡಿಗ್ರಿಯ ಸಮೀಪದವರೆಗೂ ತಪ್ಪಿದರೂ ದೋಷ ಸುತ್ತಿನಿಂದ ಸುತ್ತಿಗೆ ಇಳಿಯುತ್ತದೆ. 90 ಡಿಗ್ರಿ ದಾಟಿದರೆ ಇಳಿಯುವ ಬದಲು ಬೆಳೆಯುತ್ತ ಹೋಗುತ್ತದೆ. ಮೇಲಿನ ಆವೃತ್ತಿಗಳಲ್ಲಿ ಯಂತ್ರದ ಮಾದರಿ ಎಂದೂ ನಂಬಿಕೆಗೆ ಅರ್ಹವಲ್ಲವಾದ್ದರಿಂದ ಅಲ್ಲಿ ಕಲಿಕೆಯನ್ನು ನಿಲ್ಲಿಸುವ ಫಿಲ್ಟರೊಂದನ್ನು ಪಟ್ಟಿಯ ದಾರಿಯಲ್ಲಿ ಇಡುತ್ತಾರೆ. ಬಹಳ ಕಡೆ ಬಳಸುವ ಸರಳ ಫಿಲ್ಟರ್ ಪ್ರತಿ ಮನೆಯ ಅರ್ಧವನ್ನೂ ಅಕ್ಕಪಕ್ಕದ ಮನೆಗಳ ಕಾಲುಭಾಗವನ್ನೂ ಕೂಡುತ್ತದೆ. ಮೇಲಿನ ಉದಾಹರಣೆಯಲ್ಲಿ ಇದರ ಫಲ ನೋಡಿ: ಸ್ಪಂದನೆ ಪೂರ್ತಿ ಗೊತ್ತಿದ್ದರೂ 250 ಹರ್ಟ್ಸ್‌ನ ಹತ್ತನೆಯ ಹಾರ್ಮೋನಿಕ್‌ನಲ್ಲಿ ದೋಷದ ಶೇ 0.6ರಷ್ಟು ಉಳಿಯುತ್ತದೆ, 1000 ಹರ್ಟ್ಸ್‌ನಲ್ಲಿ ಶೇ 9.5ರಷ್ಟು, 2500 ಹರ್ಟ್ಸ್‌ನಲ್ಲಿ ಅರ್ಧಕ್ಕರ್ಧ. ಸ್ಥಿರತೆಗಾಗಿ ತೆರುವ ಈ ಬೆಲೆ ದುಬಾರಿಯಲ್ಲ.

ತೆರಬೇಕಾದ ಬೆಲೆ

ದುಬಾರಿಯಾದದ್ದು ಇನ್ನೊಂದಿದೆ. ಹೆಂಡ್ರಿಕ್ ಬೋಡಿ 1945ರ ತನ್ನ ಗ್ರಂಥದಲ್ಲಿ ತೋರಿಸಿದ ಪ್ರಕಾರ ಫೀಡ್‌ಬ್ಯಾಕ್‌ನಿಂದ ಒಂದು ಆವೃತ್ತಿಯಲ್ಲಿ ದೋಷ ಇಳಿಸಿದರೆ ಮತ್ತೊಂದು ಆವೃತ್ತಿಯಲ್ಲಿ ಅದು ಏರಲೇಬೇಕು. ನೀರು ತುಂಬಿದ ಹಾಸಿಗೆಯನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವಂತೆ. ಪುನರಾವರ್ತಕ ನಿಯಂತ್ರಣ 25, 50, 75 ಹರ್ಟ್ಸ್‌ಗಳಲ್ಲಿ ದೋಷವನ್ನು ಅಳಿಸುವಾಗ 37.5, 62.5 ಹರ್ಟ್ಸ್‌ಗಳಂಥ ನಡುವಿನ ಜಾಗಗಳಲ್ಲಿ ಅದನ್ನು ಎರಡು ಪಟ್ಟು ಮಾಡುತ್ತದೆ. ಮರುಕಳಿಸದ ಗದ್ದಲದ ಶಕ್ತಿಯೂ ಎರಡು ಪಟ್ಟಾಗುತ್ತದೆ. ಇದು ಪ್ರತಿ ಸುತ್ತಿನ ದೋಷವನ್ನು ಪೂರ್ತಿಯಾಗಿ ನಂಬಿ ತಿದ್ದಿದರೆ ಆಗುವ ಮಾತು. ದೋಷದ ಐದನೆಯ ಒಂದು ಪಾಲನ್ನಷ್ಟೇ ತಿದ್ದುತ್ತ ಹೋದರೆ ಗದ್ದಲ ಶೇ 11ರಷ್ಟು ಮಾತ್ರ ಏರುತ್ತದೆ. ಆದರೆ ದೋಷ ಹತ್ತನೆಯ ಒಂದು ಪಾಲಿಗೆ ಇಳಿಯಲು ಹತ್ತು ಸುತ್ತು ಬೇಕು. ಸೆಕೆಂಡಿಗೆ 25 ಸುತ್ತು ತಿರುಗುವ ಯಂತ್ರಕ್ಕೆ ಹತ್ತು ಸುತ್ತೆಂದರೆ ಅರ್ಧ ಸೆಕೆಂಡೂ ಅಲ್ಲ. ಅವಸರ ಪಡುವ ಅಗತ್ಯ ಬಹಳ ಕಡೆ ಇಲ್ಲವೇ ಇಲ್ಲ. ನಿಧಾನವಾಗಿ ಕಲಿಯುವ ನಿಯಂತ್ರಕವೇ ಒಳ್ಳೆಯದು.

ಇದಕ್ಕಿಂತ ದೊಡ್ಡ ಅಪಾಯ ಅವಧಿ ತಪ್ಪುವುದು. ಅದೇ ಶಾಫ್ಟ್ 1500ರ ಬದಲು 1485 ಸುತ್ತಿನಲ್ಲಿ ತಿರುಗುತ್ತಿದೆಯೆನ್ನೋಣ, ಶೇ 1ರ ವ್ಯತ್ಯಾಸ. ಪೂರ್ತಿ ನಂಬಿ ತಿದ್ದುವ ನಿಯಂತ್ರಕದಲ್ಲಿ ಮೊದಲ ಹಾರ್ಮೋನಿಕ್‌ನ ಶೇ 6ರಷ್ಟು ಉಳಿಯುತ್ತದೆ, ಅದು ಪರವಾಗಿಲ್ಲ. ಐದನೆಯದರಲ್ಲಿ ಶೇ 31, ಹತ್ತನೆಯದರಲ್ಲಿ ಶೇ 62. ಹದಿನೇಳನೆಯದಕ್ಕೆ ಬರುವಾಗ ನಿಯಂತ್ರಣವಿಲ್ಲದಿದ್ದಾಗ ಇದ್ದದ್ದಕ್ಕಿಂತ ಹೆಚ್ಚು. ಸುತ್ತಿಗೆ 24 ಸಲ ಬರುವ ಕಾಗಿಂಗನ್ನು ಅಳಿಸಲು ಹಾಕಿದ ನಿಯಂತ್ರಕ ಇಲ್ಲಿ ಅದನ್ನೇ ಬೆಳೆಸುತ್ತದೆ. ಒಂದೇ ಸುತ್ತಿನ ಬದಲು ಹಲವು ಸುತ್ತುಗಳ ನೆನಪನ್ನು ತೂಕ ಕೊಟ್ಟು ಕೂಡುವ ಉಪಾಯವನ್ನು ಐಂಡ್‌ಹೋವನ್‌ನ ಮಾರ್ಟೆನ್ ಸ್ಟೈನ್‌ಬುಕ್ 2002ರಲ್ಲಿ ಪ್ರಕಟಿಸಿದರು. ಕಳೆದ ಸುತ್ತಿನ ಎರಡು ಪಟ್ಟಿನಿಂದ ಅದರ ಹಿಂದಿನ ಸುತ್ತನ್ನು ಕಳೆದರೆ ಶೇ 1ರ ತಪ್ಪಿಗೆ ಮೊದಲ ಹಾರ್ಮೋನಿಕ್‌ನಲ್ಲಿ ಶೇ 0.4ರಷ್ಟೇ ಉಳಿಯುತ್ತದೆ. ಹಾರ್ಮೋನಿಕ್‌ಗಳ ನಡುವಿನ ಉಬ್ಬು ಮಾತ್ರ ಎರಡರಿಂದ ನಾಲ್ಕು ಪಟ್ಟಿಗೆ ಏರುತ್ತದೆ. ಬೋಡಿಯ ನಿಯಮದಿಂದ ಯಾರಿಗೂ ರಿಯಾಯಿತಿಯಿಲ್ಲ.

ಸಮಯದಿಂದ ಕೋನಕ್ಕೆ

ವೇಗ ಬದಲಾಗುವ ಯಂತ್ರಗಳಲ್ಲಿ ಒಳ್ಳೆಯ ದಾರಿ ಬೇರೆಯೇ ಇದೆ. ಗಡಿಯಾರದ ಬಡಿತಕ್ಕೆ ಅಳೆಯುವುದನ್ನು ಬಿಟ್ಟು ಶಾಫ್ಟಿನ ಕೋನಕ್ಕೆ ಸರಿಯಾಗಿ ಅಳೆಯುವುದು. ಸ್ಮೃತಿಯ ಮನೆಗಳನ್ನು ಮಿಲಿಸೆಕೆಂಡಿನ ಬದಲು ಡಿಗ್ರಿಗಳಿಗೆ ಕಟ್ಟಿದರೆ ವೇಗ ಎಷ್ಟೇ ಇರಲಿ, ಕಾಗಿಂಗ್ ತನ್ನ ಮನೆಯಲ್ಲೇ ಸಿಗುತ್ತದೆ. ಲೇಸರ್ ಪ್ರಿಂಟರ್‌ನ ಡ್ರಮ್ಮಿನ ಗೇರು ದೋಷದಿಂದ ಕಾಗದದ ಮೇಲೆ ಅಡ್ಡ ಪಟ್ಟೆಗಳು ಮೂಡುವುದನ್ನು ತಡೆಯಲು ಈ ವಿಧಾನ ಹೆಚ್ಚು ಅಧ್ಯಯನಕ್ಕೆ ಬಂತು. ಲೀನಿಯರ್ ಮೋಟಾರಿನ ಮೇಜಿನಲ್ಲಿ ಕೋನದ ಬದಲು ಅಯಸ್ಕಾಂತಗಳ ನಡುವಣ ದೂರ ಬರುತ್ತದೆ, ಅಷ್ಟೇ.

ಹಾರ್ಡ್ ಡಿಸ್ಕಿನಲ್ಲಿ ಇದು ಹುಟ್ಟಿನಿಂದಲೇ ಒದಗಿದ ಸೌಭಾಗ್ಯ. ಓದುವ ತಲೆ ತಾನು ಯಾವ ಟ್ರ್ಯಾಕಿನ ಮೇಲಿದ್ದೇನೆಂದು ತಿಳಿಯುವುದು ಡಿಸ್ಕಿನ ಮೇಲೆಯೇ ಬರೆದ ಗುರುತುಗಳಿಂದ. ಸುತ್ತಿಗೆ 220 ಗುರುತುಗಳಿದ್ದು ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗಿದರೆ ಸೆಕೆಂಡಿಗೆ 26,400 ಅಳತೆ. ಡಿಸ್ಕ್ ತುಸು ನಿಧಾನವಾದರೆ ಅಳತೆಯೂ ಅಷ್ಟೇ ನಿಧಾನ. ಸುತ್ತಿಗೆ 220 ಎಂಬುದು ಎಂದೂ ತಪ್ಪದು. ಕಾರ್ಖಾನೆಯಲ್ಲಿ ಗುರುತು ಬರೆಯುವಾಗಲೇ ಆದ ಅಲುಗಾಟದಿಂದ ಟ್ರ್ಯಾಕು ಪೂರ್ಣ ವೃತ್ತವಾಗಿರುವುದಿಲ್ಲ. ಅದರ ವಕ್ರತೆಯನ್ನು ಕಲಿತು ಬೇರೆ ಪಟ್ಟಿಯಲ್ಲಿ ಇಡಲಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲೂ ಇದೇ ಕಥೆ. ಟ್ರ್ಯಾಕುಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ನಡುತೂತು 50 ಮೈಕ್ರೋಮೀಟರ್ ಸರಿದಿದ್ದರೆ ಸ್ಥಿರವಾಗಿ ನಿಂತ ಲೇಸರ್ ಕಿರಣದಡಿ ಸುತ್ತಿಗೆ 60ಕ್ಕೂ ಹೆಚ್ಚು ಟ್ರ್ಯಾಕುಗಳ ಅಗಲದಷ್ಟು ಡಿಸ್ಕ್ ಆಚೀಚೆ ಓಲಾಡುತ್ತದೆ. ಹಾಡು ತಡವರಿಸದೆ ಬರುವುದು ಆ ಓಲಾಟವನ್ನು ಹಿಂಬಾಲಿಸುವ ಸರ್ವೊ ಇರುವುದರಿಂದ.

ಕೆಲವೇ ಆವೃತ್ತಿಗಳು ಮುಖ್ಯವಾದಾಗ

ಎಲ್ಲ ಹಾರ್ಮೋನಿಕ್‌ಗಳನ್ನೂ ಒಟ್ಟಿಗೆ ಹಿಡಿಯುವ ಅಗತ್ಯ ಎಲ್ಲ ಕಡೆ ಇರುವುದಿಲ್ಲ. ಒಂದೆರಡು ಆವೃತ್ತಿಗಳೇ ತೊಂದರೆ ಕೊಡುತ್ತಿದ್ದರೆ ಅವಕ್ಕೆ ಒಂದೊಂದು ಸೈನ್, ಒಂದೊಂದು ಕೊಸೈನ್ ಅಲೆಯನ್ನು ಹುಟ್ಟಿಸಿ, ಅವುಗಳ ಪ್ರಮಾಣವನ್ನು ದೋಷ ನೋಡಿ ತಿದ್ದುತ್ತ ಹೋಗಬಹುದು. ಆವೃತ್ತಿಗೆ ಎರಡೇ ಸಂಖ್ಯೆಗಳ ನೆನಪು ಸಾಕು. ಇದು ತನ್ನಷ್ಟಕ್ಕೆ ಕಲಿಯುವ ಹೊಸ ಬಗೆಯೆಂಬಂತೆ ಕಂಡರೂ, ಸ್ಥಿರ ಗುಣಾಂಕಗಳ ಆಂತರಿಕ ಮಾದರಿ ನಿಯಂತ್ರಕಕ್ಕೇ ಅದು ಸಮವೆಂದು ಬಾಡ್ಸನ್, ಸ್ಯಾಕ್ಸ್, ಖೋಸ್ಲಾ 1994ರಲ್ಲಿ ತೋರಿಸಿದರು.

ಅಯಸ್ಕಾಂತೀಯ ಬೇರಿಂಗುಗಳಲ್ಲಿ ಇದೇ ಸಾಧನವನ್ನು ವಿರುದ್ಧ ಉದ್ದೇಶಕ್ಕೂ ಬಳಸುತ್ತಾರೆ. ಅತಿವೇಗದ ರೋಟರ್ ಗಾಳಿಯಲ್ಲಿ ತೇಲುತ್ತಿರುವಾಗ ಅಸಮತೋಲದ ಬಲವನ್ನು ಎದುರಿಸಲು ಹೋದರೆ ಸುರುಳಿಗಳಲ್ಲಿ ಸುತ್ತಿಗೊಮ್ಮೆ ದೊಡ್ಡ ಕರೆಂಟ್ ಹರಿದು ಬಿಸಿಯೇರುತ್ತದೆ, ಚೌಕಟ್ಟೂ ನಡುಗುತ್ತದೆ. ಬದಲಿಗೆ ಆ ಒಂದು ಆವೃತ್ತಿಗೆ ನಿಯಂತ್ರಕ ಸುಮ್ಮನಿದ್ದುಬಿಟ್ಟರೆ ರೋಟರ್ ತನ್ನ ತೂಕದ ಅಕ್ಷದ ಸುತ್ತ ನೆಮ್ಮದಿಯಾಗಿ ತಿರುಗುತ್ತದೆ. ಸುತ್ತಲಿನ ಅಂತರ ಸಾಕಷ್ಟಿರುವವರೆಗೆ ಇದೇ ಉತ್ತಮ.

ಜಾಬಿನಿಂದ ಜಾಬಿಗೆ ಕಲಿಯುವುದು

ರೋಬಾಟ್ ಒಂದೇ ವೆಲ್ಡಿಂಗ್ ದಾರಿಯನ್ನು ದಿನವಿಡೀ ಹಿಡಿಯುತ್ತದೆ, ಆದರೆ ಎರಡು ಜಾಬುಗಳ ನಡುವೆ ನಿಂತು ಮೊದಲ ಜಾಗಕ್ಕೆ ಮರಳುತ್ತದೆ. ಇಲ್ಲಿ ಸುತ್ತು ಮುರಿಯುತ್ತದೆ, ಪ್ರತಿ ಸಲವೂ ಹೊಸ ಆರಂಭ. ಇದಕ್ಕೆ ತಕ್ಕ ವಿಧಾನವನ್ನು ಜಪಾನಿನ ಉಚಿಯಾಮಾ 1978ರಲ್ಲಿ ಸೂಚಿಸಿದ್ದರು. ಸುಗುರು ಅರಿಮೊಟೊ ಮತ್ತು ಸಂಗಡಿಗರ 1984ರ ಲೇಖನದಿಂದ ಅದು ಜಗತ್ತಿಗೆ ಪರಿಚಯವಾಯಿತು. ಪುನರಾವೃತ್ತ ಕಲಿಕೆಯ ನಿಯಂತ್ರಣವೆಂಬ ಈ ವಿಧಾನದಲ್ಲಿ ಒಂದು ಜಾಬು ಮುಗಿದ ಮೇಲೆ ಇಡೀ ದೋಷವನ್ನು ಮುಂದಿಟ್ಟುಕೊಂಡು ಬಿಡುವಾಗಿ ಲೆಕ್ಕ ಮಾಡಬಹುದು. ಓಡುತ್ತಲೇ ಕಲಿಯುವ ಒತ್ತಡವಿಲ್ಲ. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡುವ ಚಿಪ್ ಯಂತ್ರಗಳ ಮೇಜುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಜಾಬು ಬದಲಾದೊಡನೆ ಕಲಿತದ್ದು ನಿಷ್ಪ್ರಯೋಜಕವಾಗುವುದು ಇದರ ದೊಡ್ಡ ಮಿತಿ.

ಅಡಚಣೆಯನ್ನು ಅಳಿಸುವ ಗಣಿತವೇ ಬೇಕಾದ ಚಲನೆಯನ್ನು ಹಿಂಬಾಲಿಸಲೂ ಬರುತ್ತದೆ. ಎಂಜಿನ್ ಪಿಸ್ಟನ್ ದುಂಡಗಿದ್ದಂತೆ ಕಂಡರೂ ವಾಸ್ತವವಾಗಿ ತುಸು ಅಂಡಾಕಾರ. ಅದನ್ನು ಲೇತ್‌ನಲ್ಲಿ ತಿರುವಲು ಟೂಲ್ ಸ್ಪಿಂಡಲ್‌ನ ಒಂದು ಸುತ್ತಿಗೆ ಎರಡು ಸಲ ಒಳಗೂ ಹೊರಗೂ ಹೋಗಬೇಕು. ಸ್ಪಿಂಡಲ್ 1200 ಸುತ್ತಿನಲ್ಲಿದ್ದರೆ ಟೂಲ್‌ಗೆ 40 ಹರ್ಟ್ಸ್. ತ್ಸಾವೊ ಮತ್ತು ತೊಮಿಜುಕಾ ಹೈಡ್ರಾಲಿಕ್ ಸರ್ವೊಗೆ ಪುನರಾವರ್ತಕ ನಿಯಂತ್ರಣ ಹಾಕಿ ಇದನ್ನು ಸಾಧಿಸಿ ತೋರಿಸಿದರು. ಯುಪಿಎಸ್‌ಗಳಲ್ಲಿ ಕಂಪ್ಯೂಟರುಗಳಂಥ ಲೋಡು ಕೆಡಿಸಿದ 50 ಹರ್ಟ್ಸ್ ಅಲೆಯನ್ನು ನೇರ್ಪಡಿಸುವುದೂ ಇದೇ ನಿಯಂತ್ರಣ.

ಎಲ್ಲಿ ಬಳಸಬಾರದು

ಕಲಿಯುವ ನಿಯಂತ್ರಕ ತನ್ನ ಸಂವೇದಕವನ್ನು ಪೂರ್ತಿ ನಂಬುತ್ತದೆ. ಎನ್‌ಕೋಡರ್‌ನ ಗಾಜಿನ ಚಕ್ರವನ್ನು ಶಾಫ್ಟಿಗೆ ಕೂಡಿಸುವಾಗ 10 ಮೈಕ್ರೋಮೀಟರ್ ಸರಿದಿದ್ದು, ಗೆರೆಗಳ ವೃತ್ತದ ತ್ರಿಜ್ಯ 25 ಮಿಲಿಮೀಟರ್ ಇದ್ದರೆ, ಸುತ್ತಿಗೊಮ್ಮೆ ಆಚೀಚೆ 80ಕ್ಕೂ ಹೆಚ್ಚು ಆರ್ಕ್‌ಸೆಕೆಂಡಿನ ಸುಳ್ಳು ಅಳತೆ ಬರುತ್ತದೆ. ಶಾಫ್ಟ್ ಸಮವಾಗಿಯೇ ತಿರುಗುತ್ತಿದ್ದರೂ ನಿಯಂತ್ರಕ ಆ ಸುಳ್ಳನ್ನು ಸೊನ್ನೆ ಮಾಡಲು ಶಾಫ್ಟನ್ನೇ ಅಲುಗಿಸುತ್ತದೆ. ಪರದೆಯ ಮೇಲೆ ದೋಷ ಸೊನ್ನೆ, ಜಾಬಿನ ಮೇಲೆ ಅಲೆ. ಎದುರುಬದುರು ಎರಡು ಓದುತಲೆಗಳನ್ನಿಟ್ಟು ಸರಾಸರಿ ತೆಗೆದರೆ ಈ ದೋಷ ಅಳಿಯುತ್ತದೆ. ಅದಿಲ್ಲದ ಕಡೆ ಬೇರೊಂದು ಸ್ವತಂತ್ರ ಅಳತೆಯಿಂದ ತಾಳೆ ನೋಡದೆ ಕಲಿಕೆಯನ್ನು ಚಾಲೂ ಮಾಡುವುದು ತಪ್ಪು.

ಕತ್ತರಿಸುವಾಗ ಕಿರುಗುಟ್ಟುವ ಚ್ಯಾಟರ್ ಕೂಡ ಈ ವಿಧಾನಗಳಿಗೆ ಒಗ್ಗುವುದಿಲ್ಲ. ಅದೂ ಒಂದೇ ಸ್ವರದಲ್ಲಿ ಮರುಕಳಿಸುತ್ತದೆ ನಿಜ, ಆದರೆ ಅದು ಹೊರಗಿನಿಂದ ಬಂದ ಅಡಚಣೆಯಲ್ಲ. ಹಿಂದಿನ ಸುತ್ತಿನಲ್ಲಿ ಟೂಲ್ ಬಿಟ್ಟ ಅಲೆಯ ಮೇಲೆ ಈ ಸುತ್ತಿನಲ್ಲಿ ಟೂಲ್ ಹಾದು ತಾನೇ ಬೆಳೆಸಿಕೊಂಡ ಅಸ್ಥಿರತೆ ಅದು. ಅಲ್ಲಿ ಸ್ಪಿಂಡಲ್‌ನ ವೇಗವನ್ನೋ ಕತ್ತರಿಸುವ ಆಳವನ್ನೋ ಬದಲಾಯಿಸಬೇಕು. ನಾಲ್ಕು ಹಲ್ಲಿನ ಕಟರ್ 3000 ಸುತ್ತಿನಲ್ಲಿ ತಿರುಗುವಾಗ ಬರುವ 200 ಹರ್ಟ್ಸ್‌ನ ಹೊಡೆತ ಮಾತ್ರ ನಿಜವಾದ ಆವರ್ತಕ ಅಡಚಣೆ. ಎರಡನ್ನೂ ಗೊಂದಲ ಮಾಡಿಕೊಳ್ಳುವುದು ಶಾಪ್‌ಫ್ಲೋರ್‌ಗಳಲ್ಲಿ ಸಾಮಾನ್ಯ.

ಯಂತ್ರ ಕಟ್ಟುವವರಿಗೂ ಓಡಿಸುವವರಿಗೂ

1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾದಂದಿನಿಂದ ಬೆಂಗಳೂರು ದೇಶದ ಯಂತ್ರೋಪಕರಣ ತಯಾರಿಕೆಯ ದೊಡ್ಡ ಕೇಂದ್ರಗಳಲ್ಲೊಂದು. ಇಂದು ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೆಂದು ಕರೆಯುವ ಸಿಎಂಟಿಐ 1960ರ ದಶಕದಿಂದ ಅಲ್ಲಿನ ತುಮಕೂರು ರಸ್ತೆಯಲ್ಲಿದೆ. ಪೀಣ್ಯ ಕೈಗಾರಿಕಾ ಪ್ರದೇಶದ ಸಿಎನ್‌ಸಿ ಯಂತ್ರಗಳಿಗೂ ಈ ಲೇಖನದ ವಿಷಯ ದೂರದ್ದಲ್ಲ. ಇಂದಿನ ಸಿಎನ್‌ಸಿ ನಿಯಂತ್ರಕಗಳಲ್ಲಿ ಕಾಗಿಂಗ್ ಪರಿಹಾರ, ಕಲಿಕೆಯ ನಿಯಂತ್ರಣ ಇವೆಲ್ಲ ಆಯ್ಕೆಗಳಾಗಿ ಸಿಗುತ್ತವೆ. ಪ್ಯಾರಾಮೀಟರ್ ಒಂದನ್ನು ಬದಲಿಸಿದರೆ ಚಾಲೂ ಆಗುತ್ತವೆ. ಆದರೆ ಮೊದಲು ಮಾಡಬೇಕಾದ ಕೆಲಸ ಹಳೆಯದೇ: ರೋಟರನ್ನು ಬ್ಯಾಲೆನ್ಸ್ ಮಾಡಿಸುವುದು, ಕಪ್ಲಿಂಗಿನ ನೇರ ನೋಡುವುದು, ಡಯಲ್ ಗೇಜ್ ಇಟ್ಟು ಸ್ಪಿಂಡಲ್‌ನ ಓಲಾಟ ಅಳೆಯುವುದು. ಮೋಟಾರು ವಿನ್ಯಾಸ ಮಾಡುವವರು ಸ್ಲಾಟ್‌ಗಳನ್ನು ತುಸು ಓರೆ ಮಾಡಿದರೆ ಕಾಗಿಂಗ್‌ನ ಬಹುಪಾಲು ಹುಟ್ಟುವುದೇ ಇಲ್ಲ. ಹುಟ್ಟದ ಅಡಚಣೆಗೆ ಬೋಡಿಯ ನಿಯಮದ ದಂಡವೂ ಇಲ್ಲ.

ಕಲಿಕೆಯ ನಿಯಂತ್ರಣ ಒಳ್ಳೆಯದಾಗಿ ಕೆಲಸ ಮಾಡಿದಷ್ಟೂ ಒಂದು ಅಪಾಯ ಹೆಚ್ಚುತ್ತದೆ. ಗೇರಿನ ಹಲ್ಲು ಸವೆಯುತ್ತಿದ್ದರೂ, ಶಾಫ್ಟ್ ಬಾಗುತ್ತಿದ್ದರೂ ಅದು ಪಟ್ಟಿಯಲ್ಲಿನ ತಿದ್ದುಪಡಿಯನ್ನು ಹೆಚ್ಚಿಸಿಕೊಂಡು ಜಾಬಿನ ಫಿನಿಷನ್ನು ಚೆನ್ನಾಗಿಯೇ ಇಡುತ್ತದೆ, ಮೋಟಾರಿನ ಟಾರ್ಕ್ ಮುಗಿಯುವ ದಿನದವರೆಗೆ. ಆದ್ದರಿಂದ ಇಂಥ ಯಂತ್ರ ಓಡಿಸುವವರು ದೋಷದ ಅಂಕಿಯನ್ನಷ್ಟೇ ನೋಡಬಾರದು. ಕಲಿತ ತಿದ್ದುಪಡಿಯ ಪಟ್ಟಿಯನ್ನು ಯಂತ್ರ ಹೊಸದಾಗಿದ್ದಾಗಲೇ ಉಳಿಸಿಟ್ಟುಕೊಂಡು, ತಿಂಗಳಿಗೊಮ್ಮೆ ಹೊಸ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಯಾವ ಹಾರ್ಮೋನಿಕ್ ಬೆಳೆದಿದೆಯೆಂದು ನೋಡಿದರೆ ಯಾವ ಭಾಗ ಸವೆಯುತ್ತಿದೆಯೆಂದು ಯಂತ್ರ ಬಿಚ್ಚುವ ಮೊದಲೇ ತಿಳಿಯುತ್ತದೆ.